ಅರಳುಮರಳು ಮುಪ್ಪಿನ ಸಹಜ ಗುಣವಲ್ಲ, ಅದೊಂದು ಕಾಯಿಲೆ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ವಯಸ್ಸಾದಂತೆ ಬುದ್ಧಿ ಮಂಕಾಗುವುದು ತಲೆಗೂದಲು ನರೆಯುವಷ್ಟೇ ಸಹಜವೆಂಬುದು ಈ ಗಾದೆಯ ಅಭಿಪ್ರಾಯ. ಆದರೆ ವೈದ್ಯವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಎಂಬತ್ತು ವರ್ಷ ದಾಟಿದರೂ ಮನೆಯ ಲೆಕ್ಕ, ಮೊಮ್ಮಕ್ಕಳ ಹೆಸರು, ಜಮೀನಿನ ಎಲ್ಲೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಬಲ್ಲ ಹಿರಿಯರು ಊರೂರಲ್ಲಿಯೂ ಇದ್ದಾರೆ. ಹೆಸರು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯುವುದು ಮುಪ್ಪಿನ ಗುಣ. ಆದರೆ ಉಂಡದ್ದನ್ನೇ ಮರೆತು ಮತ್ತೆ ಊಟ ಕೇಳುವುದು, ಹುಟ್ಟಿ ಬೆಳೆದ ಊರಿನಲ್ಲಿಯೇ ದಾರಿ ತಪ್ಪುವುದು ಮುಪ್ಪಿನ ಗುಣವಲ್ಲ. ಅದು ಮೆದುಳಿನ ಕಾಯಿಲೆ. ಇದನ್ನು ವೈದ್ಯರು ಡಿಮೆನ್ಷಿಯಾ ಎಂದು ಕರೆಯುತ್ತಾರೆ.

ಈ ಲೇಖನವನ್ನು ವೃದ್ಧರಿಗಾಗಿ ಬರೆದುದಲ್ಲ. ಮೂವತ್ತೈದರಿಂದ ಐವತ್ತೈದು ವರ್ಷಗಳ ನಡುವೆ ಇರುವ ದಂಪತಿಗಳು ಇದನ್ನು ಅವಶ್ಯವಾಗಿ ಓದಬೇಕು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಮನೆಯಲ್ಲಿರುವ ವೃದ್ಧ ತಂದೆತಾಯಿಗಳನ್ನು ನೋಡಿಕೊಳ್ಳುವ ಹೊಣೆ ನಿಮ್ಮದು. ಎರಡನೆಯದಾಗಿ, ಈ ಕಾಯಿಲೆಯು ಎಪ್ಪತ್ತನೆಯ ವಯಸ್ಸಿನಲ್ಲಿ ಕಾಣಿಸಿಕೊಂಡರೂ ಅದರ ಬೀಜವು ನಡುವಯಸ್ಸಿನಲ್ಲಿಯೇ ಬಿದ್ದಿರುತ್ತದೆ. ಆದುದರಿಂದ ಅದನ್ನು ತಡೆಯುವ ಕಾಲವೂ ನಡುವಯಸ್ಸೇ.

ಮೆದುಳಿನಲ್ಲಿ ಆಗುವುದೇನು?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯೊಂದಕ್ಕೆ 51 ವರ್ಷದ ಗೃಹಿಣಿಯೊಬ್ಬಳನ್ನು ಕರೆತರಲಾಯಿತು. ಆಕೆಯಲ್ಲಿ ಮೊದಲು ಕಾಣಿಸಿದುದು ಮರೆವಲ್ಲ; ಗಂಡನ ಮೇಲೆ ಕಾರಣವಿಲ್ಲದ ಸಂಶಯ. ಬಳಿಕ ಮರೆವು ಬೆಳೆಯಿತು, ಮಾತು ತಪ್ಪಿತು. 1906ರಲ್ಲಿ ಆಕೆ ತೀರಿಕೊಂಡಾಗ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮೆದುಳಿನ ಜೀವಕೋಶಗಳ ಹೊರಗೆ ಗಸಿಯಂತಹ ವಸ್ತುವೂ, ಜೀವಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂತಹ ಎಳೆಗಳೂ ಅವರಿಗೆ ಕಂಡವು. ಅವರ ಹೆಸರಿನಿಂದಲೇ ಕರೆಯಲ್ಪಡುವ ಆಲ್ಝೈಮರ್ ಕಾಯಿಲೆಯೇ ಇಂದು ಡಿಮೆನ್ಷಿಯಾಕ್ಕೆ ಅತಿ ಮುಖ್ಯ ಕಾರಣ. ನೂರು ರೋಗಿಗಳಲ್ಲಿ ಅರವತ್ತರಿಂದ ಎಪ್ಪತ್ತು ಮಂದಿಯಲ್ಲಿ ಈ ಕಾಯಿಲೆಯ ಪಾಲಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಹೊರಗೆ ಶೇಖರವಾಗುವ ಗಸಿಗೆ ಅಮಿಲಾಯ್ಡ್ ಎಂದೂ, ಒಳಗೆ ಸಿಕ್ಕುಗಟ್ಟುವ ಎಳೆಗೆ ಟೌ ಎಂದೂ ಹೆಸರು. ಇವೆರಡೂ ಒಂದು ಬಗೆಯ ಪ್ರೋಟೀನುಗಳು. ಆರೋಗ್ಯವಂತರ ಮೆದುಳಿನಲ್ಲಿಯೂ ಇವು ಹುಟ್ಟುತ್ತವೆ. ಕಾಯಿಲೆಯಲ್ಲಿ ಅಮಿಲಾಯ್ಡ್ ಹೊರಹೋಗದೆ ಉಳಿದು ಗಟ್ಟಿಯಾಗುತ್ತದೆ. ಟೌ ತನ್ನ ರೂಪ ಕೆಟ್ಟು ಗಂಟಾಗುತ್ತದೆ. ಆಗ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸುದ್ದಿ ಸಾಗುವುದು ನಿಲ್ಲುತ್ತದೆ. ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಹೊಸ ಸಂಗತಿಗಳನ್ನು ನೆನಪಿನಲ್ಲಿ ಸೇರಿಸುವ ಭಾಗಕ್ಕೆ ಬಹಳ ಮೊದಲೇ ಹಾನಿ ತಟ್ಟುತ್ತದೆ. ರೋಗಿಯು ಐವತ್ತು ವರ್ಷದ ಹಿಂದಿನ ಮದುವೆಯನ್ನು ವಿವರವಾಗಿ ಹೇಳಿ, ಬೆಳಿಗ್ಗೆ ಬಂದು ಹೋದ ಮಗಳನ್ನು ಮರೆಯುವುದು ಇದೇ ಕಾರಣದಿಂದ.

ಇನ್ನೊಂದು ಬಗೆಯ ಡಿಮೆನ್ಷಿಯಾ ರಕ್ತನಾಳಗಳ ದೋಷದಿಂದ ಬರುತ್ತದೆ. ರಕ್ತದ ಒತ್ತಡ ಮತ್ತು ಸಕ್ಕರೆ ಕಾಯಿಲೆಗಳು ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಕಾಲುವೆಯ ಕವಲು ಕಟ್ಟಿಹೋದರೆ ಅದರ ಕೆಳಗಿನ ಮಡಿ ಒಣಗುವಂತೆ, ನಾಳವು ಕಟ್ಟಿಹೋದಲ್ಲಿ ಮೆದುಳಿನ ಅಷ್ಟು ಭಾಗ ಸಾಯುತ್ತದೆ. ದೊಡ್ಡ ನಾಳ ಕಟ್ಟಿದರೆ ಲಕ್ವ ಹೊಡೆಯುತ್ತದೆ. ಸಣ್ಣ ನಾಳಗಳು ಕಟ್ಟಿದರೆ ಹೊರಗೆ ಏನೂ ತಿಳಿಯುವುದಿಲ್ಲ. ಹಾನಿಯು ಒಳಗೊಳಗೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಅನೇಕ ವೃದ್ಧರಲ್ಲಿ ಈ ಎರಡು ಬಗೆಗಳೂ ಕೂಡಿಯೇ ಇರುತ್ತವೆ.

ಮರೆವು ಹೊರಗೆ ಕಾಣಿಸುವುದಕ್ಕೆ ಹದಿನೈದು, ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಅಮಿಲಾಯ್ಡ್ ಶೇಖರವಾಗತೊಡಗುತ್ತದೆ ಎಂಬುದು ಸಂಶೋಧನೆಗಳಿಂದ ಸಿದ್ಧಪಟ್ಟಿದೆ. ಎಪ್ಪತ್ತರಲ್ಲಿ ರೋಗ ಕಾಣಿಸಿದವರಿಗೆ ಐವತ್ತರ ಸುಮಾರಿನಲ್ಲಿಯೇ ಅದು ಆರಂಭವಾಗಿರುತ್ತದೆ ಎಂದಾಯಿತು.

ನಮ್ಮಲ್ಲಿ ಎಷ್ಟು ಜನರಿಗಿದೆ?

2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಇದು ಪಟ್ಟಣಗಳ ಕಾಯಿಲೆಯೆಂದು ಭಾವಿಸುವುದು ತಪ್ಪು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಹೆಚ್ಚಾಗಿದೆಯೆಂದು ಅದೇ ಅಧ್ಯಯನವು ತಿಳಿಸಿದೆ.

ನಮ್ಮ ರಾಜ್ಯದಲ್ಲಿಯೂ ಈ ಬಗ್ಗೆ ಸಂಶೋಧನೆ ನಡೆಯುತ್ತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ಮೀರಿದ ಆರೋಗ್ಯವಂತ ಸ್ತ್ರೀಪುರುಷರನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸುತ್ತಾ ಬಂದಿದೆ. ಯಾರ ಮೆದುಳು ಕಡೆಯವರೆಗೂ ಚುರುಕಾಗಿ ಉಳಿಯುತ್ತದೆ, ಯಾರದು ಕುಂದುತ್ತದೆ, ಏಕೆ ಎಂಬುದನ್ನು ಹಳ್ಳಿಯ ಜನರಲ್ಲಿಯೇ ಅರಿಯುವುದು ಇದರ ಉದ್ದೇಶ.

ಅಪಾಯವನ್ನು ಹೆಚ್ಚಿಸುವ ಕಾರಣಗಳು

ವಯಸ್ಸನ್ನು ಮತ್ತು ವಂಶದಿಂದ ಬಂದ ಗುಣಗಳನ್ನು ನಾವು ಬದಲಿಸಲಾರೆವು. ಆದರೆ ಬದಲಿಸಬಹುದಾದ ಕಾರಣಗಳೂ ಇವೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು ನೇಮಿಸಿದ ತಜ್ಞರ ಸಮಿತಿಯು 2024ರಲ್ಲಿ ಇಂತಹ 14 ಕಾರಣಗಳನ್ನು ಪಟ್ಟಿ ಮಾಡಿದೆ. ಇವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ಪ್ರಪಂಚದ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಸಮಿತಿಯ ಅಂದಾಜು. ಆ ಕಾರಣಗಳು ಹೀಗಿವೆ:

ಬಾಲ್ಯದಲ್ಲಿ:
1. ಸಾಕಷ್ಟು ವಿದ್ಯಾಭ್ಯಾಸ ದೊರೆಯದಿರುವುದು.

ನಡುವಯಸ್ಸಿನಲ್ಲಿ:
2. ರಕ್ತದ ಒತ್ತಡ.
3. ಸಕ್ಕರೆ ಕಾಯಿಲೆ.
4. ರಕ್ತದಲ್ಲಿ ಕೆಟ್ಟ ಕೊಬ್ಬಿನ ಅಂಶ ಹೆಚ್ಚುವುದು.
5. ಅತಿಯಾದ ಬೊಜ್ಜು.
6. ಧೂಮಪಾನ.
7. ಮಿತಿಮೀರಿದ ಮದ್ಯಪಾನ.
8. ಶರೀರಕ್ಕೆ ಚಟುವಟಿಕೆ ಇಲ್ಲದಿರುವುದು.
9. ತಲೆಗೆ ಬಲವಾದ ಪೆಟ್ಟು.
10. ಕಿವಿ ಮಂದವಾಗುವುದು.
11. ಖಿನ್ನತೆ.

ಮುಪ್ಪಿನಲ್ಲಿ:
12. ಒಂಟಿತನ.
13. ಹೊಗೆಯಿಂದ ಮಲಿನವಾದ ಗಾಳಿ.
14. ದೃಷ್ಟಿ ಮಂದವಾಗಿ ಅದಕ್ಕೆ ಚಿಕಿತ್ಸೆ ಪಡೆಯದಿರುವುದು.

ಇವುಗಳಲ್ಲಿ ಒಂದೆರಡು ಇದ್ದ ಮಾತ್ರಕ್ಕೆ ಡಿಮೆನ್ಷಿಯಾ ಬಂದೇ ಬರುತ್ತದೆ ಎಂದಲ್ಲ. ಒಂದೂ ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಕಾರಣಗಳು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ ಎಂದು ತಿಳಿಯಬೇಕು. ಹಳ್ಳಿಯ ಸಂಸಾರಗಳಿಗೆ ಮುಖ್ಯವಾದ ಕೆಲವನ್ನು ಮುಂದೆ ವಿವರಿಸಲಾಗಿದೆ.

ರಕ್ತದ ಒತ್ತಡ

ರಕ್ತದ ಒತ್ತಡ ಹೆಚ್ಚಿದಾಗ ಬಹುಮಂದಿಗೆ ನೋವು, ಸಂಕಟ ಏನೂ ತಿಳಿಯುವುದಿಲ್ಲ. ಆದುದರಿಂದಲೇ ಜನರು ಮಾತ್ರೆಯನ್ನು ನಾಲ್ಕು ದಿನ ನುಂಗಿ ಬಿಟ್ಟುಬಿಡುತ್ತಾರೆ. ಈ ಅಲಕ್ಷ್ಯದ ಬೆಲೆಯೇನೆಂಬುದನ್ನು ಚೀನಾ ದೇಶದ ಗ್ರಾಮಗಳಲ್ಲಿ ನಡೆದ ಪ್ರಯೋಗವೊಂದು ತೋರಿಸಿಕೊಟ್ಟಿದೆ. ಅಲ್ಲಿನ 326 ಗ್ರಾಮಗಳಲ್ಲಿ ರಕ್ತದ ಒತ್ತಡವಿದ್ದ, 40 ವರ್ಷ ಮೀರಿದ ಸುಮಾರು 34,000 ಜನರನ್ನು ನಾಲ್ಕು ವರ್ಷ ಗಮನಿಸಲಾಯಿತು. ಅರ್ಧದಷ್ಟು ಗ್ರಾಮಗಳಲ್ಲಿ, ತರಬೇತಿ ಹೊಂದಿದ ಹಳ್ಳಿಯ ಆರೋಗ್ಯ ಕಾರ್ಯಕರ್ತರು ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧಿ ನೀಡಿ, ಒತ್ತಡವನ್ನು 130/80ಕ್ಕಿಂತ ಕೆಳಗೆ ಇಳಿಸಲು ಪಟ್ಟು ಹಿಡಿದು ಶ್ರಮಿಸಿದರು. ಉಳಿದ ಗ್ರಾಮಗಳಲ್ಲಿ ಎಂದಿನ ಚಿಕಿತ್ಸೆ ನಡೆಯಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಗುಂಪಿನಲ್ಲಿ ಡಿಮೆನ್ಷಿಯಾದ ಅಪಾಯವು ಶೇಕಡ 15ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆಯಾಗಲಿ, ದುಬಾರಿ ಯಂತ್ರವಾಗಲಿ ಇಲ್ಲದೆ, ಸಾಧಾರಣ ಮಾತ್ರೆಗಳಿಂದ ಹಳ್ಳಿಯಲ್ಲಿಯೇ ಸಾಧಿಸಿದ ಫಲವಿದು.

ನಮ್ಮಲ್ಲಿ 30 ವರ್ಷ ದಾಟಿದ ಎಲ್ಲರಿಗೂ ಉಪಕೇಂದ್ರಗಳಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದ ಒತ್ತಡ ಹಾಗೂ ಸಕ್ಕರೆ ಕಾಯಿಲೆಯ ತಪಾಸಣೆ ಉಚಿತವಾಗಿ ದೊರೆಯುತ್ತದೆ. ಗಂಡಹೆಂಡಿರು ಜೊತೆಯಾಗಿ ಹೋಗಿ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಮಾತ್ರೆ ಬರೆದುಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೊದಲಾದುವುಗಳಲ್ಲಿನ ಉಪ್ಪನ್ನೂ ಸೇರಿಸಿ, ಒಬ್ಬರಿಗೆ ದಿನಕ್ಕೆ ಒಂದು ಚಹಾ ಚಮಚೆಗಿಂತ ಹೆಚ್ಚು ಉಪ್ಪು ಬೇಡ.

ಕಿವಿ ಮತ್ತು ಕಣ್ಣು

ಕಿವಿ ಕೇಳಿಸದವರು ಕ್ರಮೇಣ ಮಾತುಕತೆಯಿಂದ ದೂರ ಸರಿಯುತ್ತಾರೆ. ಜಗಲಿಯ ಮೇಲೆ ಹತ್ತು ಜನರ ನಡುವೆ ಕುಳಿತಿದ್ದರೂ ಅವರು ಒಂಟಿಗಳೇ. ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. 2023ರಲ್ಲಿ ಅಮೆರಿಕದಲ್ಲಿ ಮುಗಿದ ಮೂರು ವರ್ಷಗಳ ಪ್ರಯೋಗವೊಂದರಲ್ಲಿ ಕಿವಿ ಮಂದವಾದ ಹಿರಿಯರಿಗೆ ಶ್ರವಣಸಾಧನ ಕೊಟ್ಟು ನೋಡಲಾಯಿತು. ಎಲ್ಲರನ್ನೂ ಒಟ್ಟಾಗಿ ತೆಗೆದುಕೊಂಡರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಾಗಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿತವು ಸುಮಾರು ಅರ್ಧದಷ್ಟು ನಿಧಾನವಾಯಿತು. ಕಿವಿ ಮಂದವಾದ ಹಿರಿಯರನ್ನು "ಕಿವುಡು" ಎಂದು ಹಾಸ್ಯ ಮಾಡುವುದನ್ನು ಬಿಟ್ಟು ಪರೀಕ್ಷೆಗೆ ಕರೆದೊಯ್ಯಬೇಕು. ಕಣ್ಣಿನ ಪೊರೆಯನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದು; ಇದನ್ನು ಮುಂದೂಡುತ್ತಾ ಹೋಗುವುದು ಸರಿಯಲ್ಲ.

ವಿದ್ಯೆ ಮತ್ತು ಭಾಷೆ

ಬಾಲ್ಯದಲ್ಲಿ ಕಲಿತ ವಿದ್ಯೆ ಮೆದುಳಿಗೆ ಒಂದು ಬಗೆಯ ಉಳಿತಾಯ. ಮುಂದೆ ಹಾನಿ ಸಂಭವಿಸಿದರೂ ಆ ಉಳಿತಾಯದ ಬಲದಿಂದ ಮೆದುಳು ಹೆಚ್ಚು ಕಾಲ ಕೆಲಸ ನಡೆಸುತ್ತದೆ. ಇಂದಿನ ವೃದ್ಧ ಸ್ತ್ರೀಯರಲ್ಲಿ ಈ ಕಾಯಿಲೆ ಹೆಚ್ಚಾಗಿರುವುದಕ್ಕೆ, ಅವರು ಬಾಲಕಿಯರಾಗಿದ್ದಾಗ ಶಾಲೆಯ ಮುಖ ಕಾಣದೆ ಹೋದುದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಮಗಳನ್ನು ಶಾಲೆ ಬಿಡಿಸುವ ಮುನ್ನ ದಂಪತಿಗಳು ಈ ಮಾತನ್ನು ನೆನೆಯಬೇಕು.

ಓದುಬರಹ ಬಾರದವರಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗವು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ನಿರಕ್ಷರರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತು. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ತೆಲುಗು ಆಡಿ, ಸಂತೆಯಲ್ಲಿ ಕನ್ನಡ ಆಡುವ ನಮ್ಮ ಜನರು ಇದನ್ನು ತಿಳಿದು ಸಂತೋಷಪಡಬಹುದು.

ತಲೆಯ ಪೆಟ್ಟು, ಹೊಗೆ, ಮದ್ಯ

ಮೋಟಾರ್ ಸೈಕಲ್ಲಿನಲ್ಲಿ ಹೋಗುವಾಗ ಪತಿಪತ್ನಿಯರಿಬ್ಬರೂ ಹೆಲ್ಮೆಟ್ ಧರಿಸಬೇಕು. ತೆಂಗು, ಅಡಕೆ ಮರಗಳನ್ನು ಹತ್ತುವವರು ರಕ್ಷಣೆಯ ಪಟ್ಟಿ ಕಟ್ಟಿಕೊಳ್ಳಬೇಕು. ಬೀಡಿ, ಸಿಗರೇಟುಗಳನ್ನು ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ಗಾಳಿಯಲ್ಲಿನ ಸೂಕ್ಷ್ಮ ಕಣಗಳು ರಕ್ತನಾಳಗಳಿಗೆ ಹಾನಿಕರ. ಸೌದೆ ಒಲೆಯ ಹೊಗೆಯಲ್ಲಿಯೂ ಅಂತಹ ಕಣಗಳು ತುಂಬಿರುತ್ತವೆ. ಆದುದರಿಂದ ಅಡುಗೆಗೆ ಅನಿಲದ ಒಲೆಯನ್ನು ಬಳಸುವುದು, ಸಾಧ್ಯವಿಲ್ಲದಿದ್ದಲ್ಲಿ ಹೊಗೆ ಹೊರಹೋಗುವ ಏರ್ಪಾಡು ಮಾಡುವುದು ಅವಶ್ಯ.

ಕಾಯಿಲೆಯನ್ನು ಗುರುತಿಸುವುದು ಹೇಗೆ?

ಈ ಕೆಳಗಿನ ಚಿಹ್ನೆಗಳಲ್ಲಿ ಎರಡು ಮೂರು ಕೆಲವು ತಿಂಗಳಿಂದ ಹೆಚ್ಚುತ್ತಾ ಬಂದಿದ್ದರೆ ವೈದ್ಯರನ್ನು ಕಾಣಬೇಕು:

1. ಅದೇ ಪ್ರಶ್ನೆಯನ್ನು ಗಳಿಗೆ ಗಳಿಗೆಗೂ ಕೇಳುವುದು.
2. ವಸ್ತುವನ್ನು ಎಲ್ಲೋ ಇಟ್ಟು, ಮನೆಯವರು ಕದ್ದರೆಂದು ದೂರುವುದು.
3. ಊಟ ಮಾಡಿ ಕೈತೊಳೆದ ಮೇಲೆ, ಊಟವನ್ನೇ ಹಾಕಲಿಲ್ಲವೆಂದು ಹೇಳುವುದು.
4. ನೋಟು, ಚಿಲ್ಲರೆಗಳ ಲೆಕ್ಕ ತಪ್ಪುವುದು.
5. ಬಹುಕಾಲದಿಂದ ಮಾಡುತ್ತಿದ್ದ ಕೆಲಸದ ಕ್ರಮ ಮರೆಯುವುದು. ಉದಾಹರಣೆಗೆ, ಮುದ್ದೆ ತೊಳಸಲು ಬಾರದಿರುವುದು, ಎತ್ತು ಕಟ್ಟಲು ತಿಳಿಯದಿರುವುದು.
6. ಪರಿಚಿತ ದಾರಿಯನ್ನು ತಪ್ಪುವುದು.
7. ಹಗಲೋ ರಾತ್ರಿಯೋ ತಿಳಿಯದಿರುವುದು. ನಡುರಾತ್ರಿ ಎದ್ದು ಹೊಲಕ್ಕೆ ಹೊರಡುವುದು.
8. ಶಾಂತ ಸ್ವಭಾವದವರು ಕಾರಣವಿಲ್ಲದೆ ಸಿಡುಕುವುದು, ಸಂಶಯಪಡುವುದು ಅಥವಾ ಮೂಲೆ ಹಿಡಿದು ಕೂರುವುದು.

ಎರಡನೆಯ ಮತ್ತು ಮೂರನೆಯ ಚಿಹ್ನೆಗಳನ್ನು ವಿಶೇಷವಾಗಿ ಗಮನಿಸಬೇಕು. ಅತ್ತೆಯು ಸೊಸೆಯ ಮೇಲೆ ಕಳ್ಳತನ ಹೊರಿಸುತ್ತಾಳೆ. ಊಟ ಹಾಕಲಿಲ್ಲವೆಂದು ನೆರೆಹೊರೆಯಲ್ಲಿ ಹೇಳುತ್ತಾಳೆ. ಸೊಸೆಯು ಅಳುತ್ತಾಳೆ; ಮಗನು ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ತಿಳಿಯದೆ ಹೆಂಡತಿಯನ್ನೇ ಗದರಿಸುತ್ತಾನೆ. ಹೀಗೆ ಸಂಸಾರಗಳು ಒಡೆದುದುಂಟು. ಆದರೆ ಇಲ್ಲಿ ಅತ್ತೆಯದು ಸುಳ್ಳಲ್ಲ, ಸೊಸೆಯದು ತಪ್ಪಲ್ಲ. ಉಂಡ ನೆನಪು ಮೆದುಳಿನಲ್ಲಿ ಉಳಿಯಲೇ ಇಲ್ಲ. ಇಟ್ಟ ನೆನಪಿಲ್ಲದ ವಸ್ತು ಕಾಣದಿದ್ದಾಗ, ಯಾರೋ ಕದ್ದರೆಂದೇ ಆ ಜೀವಕ್ಕೆ ತೋರುತ್ತದೆ. ಇದನ್ನು ಗಂಡನಾದವನು ಮೊದಲು ಅರಿಯಬೇಕು.

ವೈದ್ಯರನ್ನು ಬೇಗ ಕಾಣುವುದರಿಂದ ಏನು ಲಾಭ?

ಮೊದಲನೆಯ ಲಾಭವೆಂದರೆ, ಮರೆವೆಲ್ಲವೂ ಡಿಮೆನ್ಷಿಯಾ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ, ಬಿದ್ದ ಬಳಿಕ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕೂಡಿಕೊಳ್ಳುವುದು - ಇವೂ ಮರೆವನ್ನು ತರುತ್ತವೆ. ಇವಕ್ಕೆ ಚಿಕಿತ್ಸೆಯುಂಟು. ತಕ್ಕ ಸಮಯದಲ್ಲಿ ಚಿಕಿತ್ಸೆ ದೊರೆತರೆ ಬಹಳ ಮಟ್ಟಿಗೆ ಸುಧಾರಿಸಬಹುದು. ಒಂದೆರಡು ದಿನಗಳಲ್ಲಿಯೇ ಒಮ್ಮೆಲೆ ಗೊಂದಲ ಉಂಟಾದರೆ ಅದು ಸೋಂಕಿನ ಅಥವಾ ಲಕ್ವದ ಗುರುತಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವೈದ್ಯರು ಮನೆಯವರನ್ನು ವಿಚಾರಿಸಿ, ರಕ್ತ ಪರೀಕ್ಷೆ ಮಾಡಿಸಿ, ರೋಗಿಗೆ ಕೆಲವು ಸುಲಭ ಪ್ರಶ್ನೆಗಳನ್ನು ಕೇಳುತ್ತಾರೆ. ಓದುಬರಹ ಬಾರದವರು ಹೆದರಬೇಕಾಗಿಲ್ಲ. ಹರಿಯಾಣದ ಬಲ್ಲಭಗಢ ಪ್ರದೇಶದ ನಿರಕ್ಷರ ಗ್ರಾಮಸ್ಥರಿಗೆಂದೇ 1990ರ ದಶಕದಲ್ಲಿ ಬರವಣಿಗೆಯ ಅವಶ್ಯಕತೆಯಿಲ್ಲದ ಪ್ರಶ್ನಾವಳಿಯೊಂದನ್ನು ರಚಿಸಲಾಯಿತು. ಈಗ ಯಾವ ಹೊತ್ತು, ಇದು ಯಾವ ಊರು, ಈಗ ಹೇಳಿದ ಮೂರು ವಸ್ತುಗಳಾವುವು ಎಂಬಂತಹ ಪ್ರಶ್ನೆಗಳು ಇಂತಹ ಪರೀಕ್ಷೆಗಳಲ್ಲಿರುತ್ತವೆ. ಅವಶ್ಯವಿದ್ದಲ್ಲಿ ಮೆದುಳಿನ ಸ್ಕ್ಯಾನ್ ಮಾಡಿಸಲಾಗುವುದು.

ರೂಪ ಕೆಟ್ಟ ಟೌ ಪ್ರೋಟೀನಿನ ಅಂಶವನ್ನು ರಕ್ತದಲ್ಲಿಯೇ ಕಂಡುಹಿಡಿಯುವ ಪರೀಕ್ಷೆಗಳು ಈಗ ಬಂದಿವೆ. ಅಮೆರಿಕ ಸರ್ಕಾರವು ಇಂತಹ ಮೊದಲ ಪರೀಕ್ಷೆಗೆ ಮೇ 2025ರಲ್ಲಿ ಅನುಮತಿ ನೀಡಿತು. ಇದು ಮರೆವಿನ ಲಕ್ಷಣಗಳಿರುವವರಿಗೆ ಮಾತ್ರ. ಲಕ್ಷಣಗಳಿಲ್ಲದವರು ಇಂತಹ ಪರೀಕ್ಷೆಗಾಗಿ ಹಣ ವ್ಯಯಿಸುವ ಅಗತ್ಯವಿಲ್ಲ.

ಕಾಯಿಲೆಯನ್ನು ಬುಡಸಹಿತ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಕೆಲವು ಮಾತ್ರೆಗಳು ಸ್ವಲ್ಪ ಕಾಲ ಲಕ್ಷಣಗಳನ್ನು ತಗ್ಗಿಸುತ್ತವೆ. ಅಮಿಲಾಯ್ಡನ್ನು ತೆಗೆದುಹಾಕುವ ಲೆಕಾನೆಮ್ಯಾಬ್ ಮತ್ತು ಡೊನಾನೆಮ್ಯಾಬ್ ಎಂಬ ಔಷಧಿಗಳಿಗೆ ಅಮೆರಿಕದಲ್ಲಿ ಕ್ರಮವಾಗಿ 2023 ಮತ್ತು 2024ರಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಇವು ಆರಂಭದ ಹಂತದಲ್ಲಿ ಇಳಿತವನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಮೆದುಳಿನಲ್ಲಿ ಊತ, ರಕ್ತಸ್ರಾವದ ಭಯವೂ ಉಂಟು. ಆದುದರಿಂದ "ಮರೆವನ್ನು ಪೂರ್ತಿ ಗುಣಪಡಿಸುತ್ತೇವೆ" ಎಂದು ಹೇಳಿ ಹಣ ಕೀಳುವವರನ್ನು ನಂಬಬಾರದು.

ಬೇಗ ತಿಳಿಯುವುದರ ಎರಡನೆಯ ಲಾಭ, ಹಿರಿಯರು ಇನ್ನೂ ತಿಳಿವಳಿಕೆಯಲ್ಲಿ ಇರುವಾಗಲೇ ಬ್ಯಾಂಕು, ಪಿಂಚಣಿ, ಜಮೀನಿನ ವಿಷಯಗಳಲ್ಲಿ ತಮ್ಮ ಇಚ್ಛೆಯನ್ನು ತಾವೇ ಹೇಳಬಹುದು. ಅರಿವು ತಪ್ಪಿದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಅದು ಮಕ್ಕಳಲ್ಲಿ ವ್ಯಾಜ್ಯಕ್ಕೂ ಕಾರಣವಾಗುತ್ತದೆ.

2022ರಲ್ಲಿ ಕರ್ನಾಟಕ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಹಕಾರದೊಡನೆ ಮೆದುಳಿನ ಆರೋಗ್ಯಕ್ಕೆ ಸಂಬಂಧಿಸಿದ ಕಾರ್ಯಕ್ರಮವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಮೊದಲು ಕಾಣಿರಿ. ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಅವರೇ ತಿಳಿಸುವರು.

ಮನೆಯಲ್ಲಿ ನಡೆದುಕೊಳ್ಳಬೇಕಾದ ರೀತಿ

ರೋಗಿಯೊಡನೆ ವಾದ ಮಾಡಬಾರದು. "ಆಗಲೇ ಉಂಡಿರಲ್ಲ" ಎಂದು ಗದರಿಸುವ ಬದಲು ಒಂದು ಹಣ್ಣನ್ನೋ ಒಂದು ಲೋಟ ಮಜ್ಜಿಗೆಯನ್ನೋ ಕೊಟ್ಟು ಮಾತು ಬದಲಿಸಬೇಕು. ಸ್ನಾನ, ಊಟ, ನಿದ್ರೆ ದಿನವೂ ಅದೇ ಹೊತ್ತಿಗೆ ನಡೆಯಲಿ. ಕೈಲಾದ ಕೆಲಸವನ್ನು ಅವರಿಂದ ಕಸಿಯಬಾರದು. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಕಾಳು ಹಸನು ಮಾಡುವುದು ಅವರಿಗೆ ಮರ್ಯಾದೆಯನ್ನೂ ನೆಮ್ಮದಿಯನ್ನೂ ಕೊಡುತ್ತವೆ. ಬಾವಿ, ಒಲೆ, ಕ್ರಿಮಿನಾಶಕದ ಡಬ್ಬಿಗಳಿಂದ ಅವರನ್ನು ದೂರವಿಡಬೇಕು. ಊರಿನ ಹೆಸರು, ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಅವರ ಉಡುಪಿನಲ್ಲಿ ಹೊಲಿದಿಟ್ಟರೆ ದಾರಿ ತಪ್ಪಿದಾಗ ಅನುಕೂಲ. ಗಾಳಿ ಸೋಂಕಿದೆ, ದೆವ್ವ ಹಿಡಿದಿದೆ ಎಂದು ಬಡಿಯುವುದು, ಬರೆ ಹಾಕುವುದು, ಕಟ್ಟಿಹಾಕುವುದು ಕ್ರೌರ್ಯ. ಅದರಿಂದ ರೋಗವು ಉಲ್ಬಣಿಸುತ್ತದೆ.

ಆರೈಕೆಯ ಭಾರವೆಲ್ಲವೂ ಸಾಮಾನ್ಯವಾಗಿ ಮನೆಯ ಸೊಸೆಯ ಮೇಲೆ ಬೀಳುತ್ತದೆ. ಹೊಲದ ಕೆಲಸ, ಅಡುಗೆ, ಮಕ್ಕಳು, ಇವುಗಳ ಮೇಲೆ ರಾತ್ರಿಯ ಜಾಗರಣೆಯೂ ಸೇರಿದರೆ ಆಕೆಯ ಆರೋಗ್ಯವೂ ಕೆಡುತ್ತದೆ. ತಾಯಿಗೆ ಸ್ನಾನ ಮಾಡಿಸುವುದು, ತಂದೆಯ ಬಟ್ಟೆ ಬದಲಿಸುವುದು ಗಂಡಸಿಗೆ ಕೀಳಲ್ಲ. ವಾರದಲ್ಲಿ ಎರಡು ರಾತ್ರಿಯಾದರೂ ಪತಿಯು ಅಥವಾ ಇತರ ಮಕ್ಕಳು ಹೊಣೆ ಹೊತ್ತು, ಆಕೆಗೆ ಪೂರ್ಣ ನಿದ್ರೆ ದೊರೆಯುವಂತೆ ಮಾಡಬೇಕು.

ದಂಪತಿಗಳು ಇಂದೇ ಮಾಡಬೇಕಾದುದು

ಮುಂದಿನ ಸಂತೆಯ ದಿನ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಒತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿರಿ. ಮನೆಯ ಹಿರಿಯರ ಕಿವಿ, ಕಣ್ಣುಗಳನ್ನು ಪರೀಕ್ಷಿಸಿಸಿರಿ. ಬೀಡಿ, ಮದ್ಯಗಳನ್ನು ತ್ಯಜಿಸಿರಿ. ಹೆಲ್ಮೆಟ್ ಇಲ್ಲದೆ ವಾಹನ ಹತ್ತಬೇಡಿರಿ. ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು ಪೂರ್ಣ ಓದಿಸಿರಿ. ದಿನಕ್ಕೊಮ್ಮೆಯಾದರೂ ಹಿರಿಯರ ಬಳಿ ಕುಳಿತು ಮಾತನಾಡಿರಿ. ಅವರ ನಡತೆಯಲ್ಲಿ ವ್ಯತ್ಯಾಸ ಕಂಡರೆ, ಅದನ್ನು ಗಾದೆಯ ಮಾತಿಗೆ ಬಿಟ್ಟುಬಿಡದೆ ವೈದ್ಯರಿಗೆ ತೋರಿಸಿರಿ. ಇಂದು ನಿಮ್ಮ ಮನೆಯ ಹಿರಿಯರಿಗೆ ಸಲ್ಲುವ ಆರೈಕೆಯನ್ನು ನಿಮ್ಮ ಮಕ್ಕಳು ನೋಡಿ ಕಲಿಯುತ್ತಿರುತ್ತಾರೆ ಎಂಬುದನ್ನು ಮರೆಯದಿರಿ.